ವಹಿವಾಟಿನ ಏರಿಕೆ ಮತ್ತು ಕಾಯಕದ ಅಳತೆ

ವಹಿವಾಟು ಎಂದರೆ ವರ್ಷವಿಡೀ ಮಾರಾಟವಾದ ಸರಕಿನ ಒಟ್ಟು ಬೆಲೆ. ಯುರೋಪಿನ ದೇಶಗಳ ರಾಸಾಯನಿಕ ಉದ್ಯಮವನ್ನು ಹೋಲಿಸುವಾಗ ಅದರ ಶೇಕಡಾವಾರು ಏರಿಕೆಯನ್ನೇ ಮುಂದಿಡುವುದು ರೂಢಿ. ಆದರೆ ಸಣ್ಣ ದೇಶದಲ್ಲಿ ಒಂದೇ ಕಾರ್ಖಾನೆ ಶುರುವಾದರೂ ಶೇಕಡಾ ಲೆಕ್ಕ ಜಿಗಿಯುತ್ತದೆ. ಜರ್ಮನಿಯಂಥ ದೇಶದಲ್ಲಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಬೆಲೆ ಏರಿಕೆಯೂ ಲೆಕ್ಕ ಕೆಡಿಸುತ್ತದೆ: 2022ರಲ್ಲಿ ಜರ್ಮನಿಯ ರಾಸಾಯನಿಕ ಉತ್ಪಾದನೆ ಇಳಿದಿತ್ತು. ಇಂಧನದ ಜೊತೆಗೆ ಸರಕಿನ ಬೆಲೆಯೂ ಏರಿದ್ದರಿಂದ ವಹಿವಾಟು ಮಾತ್ರ ಹೆಚ್ಚಿತು.

ಲೆಕ್ಕ ಸರಿಪಡಿಸಿದ ಮೇಲೂ ಧರ್ಮದ ಪ್ರಶ್ನೆ ಉಳಿಯುತ್ತದೆ: ಏರಿಕೆಯಾದ ಮಾತ್ರಕ್ಕೆ ಅದು ಒಳಿತೇ? ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ವ ಮೂರು ಅಳತೆಗಳನ್ನು ಕೊಡುತ್ತದೆ. ಗಳಿಸುವ ದಾರಿ ಶುದ್ಧವಿರಬೇಕು, ಗಳಿಕೆ ಅಗತ್ಯ ಮೀರಬಾರದು, ಫಲ ದಾಸೋಹವಾಗಿ ಹಂಚಿಹೋಗಬೇಕು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಕಳಿಸಿದಳೆಂಬುದು ಪ್ರಸಿದ್ಧ ಪ್ರಸಂಗ. ಆ ಮನೆಯಲ್ಲಿ ಏರಿಕೆಯೇ ತನ್ನನ್ನು ಸಮರ್ಥಿಸಿಕೊಳ್ಳಬೇಕಿತ್ತು.

ಮೊದಲ ಅಳತೆಗೆ ಹಾವೇರಿ ಜಿಲ್ಲೆಯಲ್ಲಿ ನಿದರ್ಶನವಿದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದಲ್ಲಿ, ಹರಿಹರ ಪಾಲಿಫೈಬರ್ಸ್ ಮರದಿಂದ ರೇಯಾನ್ ತಿರುಳು ತಯಾರಿಸುತ್ತದೆ. 1980ರ ದಶಕದಲ್ಲಿ ನದಿ ಮಾಲಿನ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೋರಾಟಕ್ಕಿಳಿಯಿತು. ತಿರುಳಿಗೆ ಬೇಕಾದ ನೀಲಗಿರಿ ಗ್ರಾಮಗಳ ಸಾಮೂಹಿಕ ಭೂಮಿಯನ್ನು ಆವರಿಸತೊಡಗಿದಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ–ಹಚ್ಚಿಕೋ' ಸತ್ಯಾಗ್ರಹ ನಡೆಯಿತು; ಜನ ನೀಲಗಿರಿ ಕಿತ್ತು ಉಪಯುಕ್ತ ಸಸಿ ನೆಟ್ಟರು. ಇದೇ ಹೊಳೆಯ ಕೆಳಪಾತ್ರದಲ್ಲಿ ಶರಣ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡಯ್ಯದಾನಪುರವಿದೆ. ದೋಣಿಯ ಕಾಯಕಕ್ಕೆ ನೀರೇ ಬಂಡವಾಳ. ಕಾರ್ಖಾನೆಯ ಲೆಕ್ಕಪತ್ರದಲ್ಲಿ ಅದಕ್ಕೆ ಬೆಲೆಯೇ ಇರುವುದಿಲ್ಲ. 1986ರಲ್ಲಿ ಬಾಸೆಲ್ ಬಳಿಯ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಗೋದಾಮು ಹೊತ್ತಿ ಉರಿದು, ರೈನ್ ನದಿಯ ಹಾವುಮೀನುಗಳು ರಾಶಿರಾಶಿಯಾಗಿ ಸತ್ತಾಗ ಯುರೋಪ್ ಕಂಡದ್ದೂ ಇದೇ ಲೋಪವನ್ನು.

ಮೂರನೆಯ ಅಳತೆಯಾದ ಹಂಚಿಕೆಯ ಪ್ರಶ್ನೆಯನ್ನು ಅದೇ ಜಿಲ್ಲೆಯ ಬ್ಯಾಡಗಿ ಎತ್ತುತ್ತದೆ. ಇಲ್ಲಿನ ಸುಕ್ಕುಗಟ್ಟಿದ ಡಬ್ಬಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಗಾಢ. ದ್ರಾವಕ ಬಳಸಿ ತೆಗೆದ ಅದರ ಓಲಿಯೋರೆಸಿನ್ ಎಂಬ ಸಾರ ಆಹಾರದ ಬಣ್ಣಕ್ಕೂ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಎಪಿಎಂಸಿಯಲ್ಲಿ, ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ ಒಂದೇ ಕಾಯಿಯ ಬೆಲೆ ಮತ್ತೆ ಮತ್ತೆ ವಹಿವಾಟಿಗೆ ಸೇರುತ್ತದೆ. ಬೆಳೆದವನಿಗೆ ದಕ್ಕುವುದು ಮೊದಲ ಮೆಟ್ಟಿಲಿನ ದರ ಮಾತ್ರ. 2024ರ ಮಾರ್ಚ್‌ನಲ್ಲಿ ಆ ದರ ಕುಸಿದಾಗ ರೈತರ ಆಕ್ರೋಶಕ್ಕೆ ಮಾರುಕಟ್ಟೆಯಲ್ಲಿ ವಾಹನಗಳು ಸುಟ್ಟುಹೋದವು.

ವಹಿವಾಟು ಹೇಳುವುದು ಹಣ ಎಷ್ಟು ಕೈ ಬದಲಾಯಿಸಿತು ಎಂಬುದನ್ನಷ್ಟೇ. ಯಾವ ದೇಶ ಮುಂದಿದೆ ಎಂದು ತೀರ್ಮಾನಿಸುವ ಮುನ್ನ ನದಿಗೆ ಏನಾಯಿತು, ಬೆಳೆದವರಿಗೆ ಏನು ಸಿಕ್ಕಿತು, ಆ ಸರಕು ಎಷ್ಟು ಅಗತ್ಯವಿತ್ತು ಎಂದು ಕೇಳಬೇಕು. ಈ ಮೂರಕ್ಕೂ ಉತ್ತರವಿರುವ ಏರಿಕೆಯನ್ನು ಮಾತ್ರ ಬೆಳವಣಿಗೆ ಎನ್ನಬಹುದು.