ನಗರವೂ ಕಲೆಯ ಋಣವೂ

ಕಲೆಯಿಂದ ನಗರಕ್ಕೆ ಐಶ್ವರ್ಯವು ಬರುವುದು ದೋಷವಲ್ಲ. ಆ ಐಶ್ವರ್ಯದಲ್ಲಿ ಯಾರ ಭಾಗವೆಷ್ಟೆಂಬುದೇ ವಿಚಾರಾರ್ಹವಾದುದು. ಯುನೆಸ್ಕೊ ಸಂಸ್ಥೆಯು 2004ರಲ್ಲಿ ಸೃಜನಶೀಲ ನಗರಗಳ ಕೂಟವನ್ನು ಸ್ಥಾಪಿಸಿ, 2015ರಲ್ಲಿ ಕಾಶಿಯನ್ನು ಸಂಗೀತನಗರವೆಂದು ಅದರಲ್ಲಿ ಸೇರಿಸಿಕೊಂಡಿತು. ಈ ಕೀರ್ತಿಯಿಂದ ವರ್ತಕರು ಲಾಭ ಹೊಂದುವುದು ಸಹಜವೇ. ಆದರೆ ಕೀರ್ತಿಯ ಮೂಲವು ಪೇಟೆಯಲ್ಲಿಲ್ಲ. ಬಿಹಾರದಲ್ಲಿ ಜನಿಸಿದ ಬಿಸ್ಮಿಲ್ಲಾ ಖಾನರು ಬಾಲ್ಯದಲ್ಲಿಯೇ ಕಾಶಿಗೆ ಬಂದು, ವಿಶ್ವನಾಥನ ಸನ್ನಿಧಿಯಲ್ಲಿ ಶಹನಾಯಿ ನುಡಿಸುತ್ತಿದ್ದ ಸೋದರಮಾವನಲ್ಲಿ ಶಿಷ್ಯವೃತ್ತಿ ಮಾಡಿದರು. 2001ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾಗಿ, 2006ರಲ್ಲಿ ಕಾಶಿಯಲ್ಲಿಯೇ ಕಾಲವಾದರು. ಹೀಗೆ ಕಲಿಸಿದ ಮನೆಯೇ ಆ ಕೀರ್ತಿಗೆ ಬೇರು.

ಉದ್ಯಮವಿಲ್ಲದೆ ಕಲಾವಿದನು ಜೀವಿಸುವುದೆಂತೆಂಬ ಆಕ್ಷೇಪವು ಯುಕ್ತವೇ. ಆದರೆ ಫಲವನ್ನು ಮಾರಿದವನು ಬೇರಿಗೆ ನೀರೆರೆಯಬೇಕಷ್ಟೆ. ಕಲಿಸುವ ಗುರುವಿಗೂ ಕಲಿಯುವ ಬಾಲಕನಿಗೂ ಲಾಭದಲ್ಲೊಂದು ಭಾಗವನ್ನು ನಿಯತವಾಗಿ ಸಲ್ಲಿಸುವ ನಗರವೇ ಸೃಜನಶೀಲವು. ಸಲ್ಲಿಸದಿರುವುದು ಪೂರ್ವಿಕರ ಗಳಿಕೆಯನ್ನು ಮಾರಿ ಉಣ್ಣುವ ಮನೆಗೆ ಸಮಾನವು.