ಕಾಯುವುದು ಬೇರೆ, ಮುಂದೂಡುವುದು ಬೇರೆ

ಬನಶಂಕರಿಯ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರಿದ್ದಾರೆಂದು ಭಾವಿಸಿಕೊಳ್ಳಿ. ಊಟವಾದೊಡನೆ ಅವರಿಗೆ ಎದೆ ಬಿಗಿಯುತ್ತದೆ, ಮೆಟ್ಟಿಲೇರಿದರೆ ಏದುಸಿರು. ಹೃದ್ರೋಗವೆಂದು ಹೆದರಿದ ಮಕ್ಕಳು ಜಯನಗರದ ಬಳಿಯ ಜಯದೇವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಹೃದಯ ಸರಿಯಾಗಿದೆ. ಮುಂದಿನ ಸ್ಕ್ಯಾನ್ ಬೇರೆಯೇ ಸಂಗತಿಯನ್ನು ತಿಳಿಸುತ್ತದೆ: ಜಠರದ ಒಂದು ಭಾಗ ವಪೆಯ ರಂಧ್ರದ ಮೂಲಕ ಅನ್ನನಾಳದ ಪಕ್ಕದಲ್ಲಿ ಎದೆಗೂಡಿಗೆ ಸರಿದಿದೆ. ಇದೇ ಪ್ಯಾರಾಈಸೋಫೇಜಿಯಲ್ ಹರ್ನಿಯಾ. ಈಗಲೇ ಶಸ್ತ್ರಚಿಕಿತ್ಸೆ ಮಾಡಿಸಬೇಕೇ, ಕಾಯಬೇಕೇ?

ಇದು ವೈದ್ಯಕೀಯ ಪ್ರಶ್ನೆಯಷ್ಟೇ ಅಲ್ಲ. ನಮ್ಮ ಅಂತಃಸಾಕ್ಷಿಯ ಪ್ರಶ್ನೆಯೂ ಹೌದು.

ಮೇಲೇರಿದ ಜಠರ ತಿರುಚಿಕೊಂಡರೆ ರಕ್ತಸಂಚಾರ ನಿಂತು ಪ್ರಾಣಕ್ಕೇ ಅಪಾಯ. ಮೇಲ್ಹೊಟ್ಟೆಯಲ್ಲಿ ತೀವ್ರ ನೋವು, ಏನೂ ಹೊರಬಾರದ ಓಕರಿಕೆ, ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಲಾಗದಿರುವುದು: ಈ ಮೂರು ಲಕ್ಷಣಗಳನ್ನು ಬೋರ್ಖಾರ್ಟ್ ಎಂಬ ಶಸ್ತ್ರವೈದ್ಯರು 1904ರಲ್ಲಿಯೇ ಗುರುತಿಸಿದ್ದರು. 1967ರಲ್ಲಿ ಸ್ಕಿನ್ನರ್ ಮತ್ತು ಬೆಲ್ಸಿ ಎಂಬ ವೈದ್ಯರು, ಶಸ್ತ್ರಚಿಕಿತ್ಸೆಯಿಲ್ಲದೆ ಉಳಿದ 21 ರೋಗಿಗಳಲ್ಲಿ 6 ಮಂದಿ ತೀರಿಕೊಂಡುದನ್ನು ವರದಿ ಮಾಡಿದರು. ಅಂದಿನಿಂದ ದಶಕಗಳ ಕಾಲ, ಕಂಡೊಡನೆ ಸರಿಪಡಿಸಬೇಕೆಂಬುದೇ ನಿಯಮದಂತಿತ್ತು.

2002ರಲ್ಲಿ ಅಮೆರಿಕದಲ್ಲಿ ನಡೆದ ಒಂದು ವಿಶ್ಲೇಷಣೆ ಈ ನಂಬಿಕೆಯನ್ನು ಅಲುಗಾಡಿಸಿತು. ತುರ್ತು ಶಸ್ತ್ರಚಿಕಿತ್ಸೆಯ ಅಗತ್ಯ ವರ್ಷಕ್ಕೆ ನೂರರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಮರಣದ ಸಂಭವ ಯೋಜಿತ ಶಸ್ತ್ರಚಿಕಿತ್ಸೆಯಲ್ಲಿ ಶೇಕಡಾ 1.4, ತುರ್ತಿನಲ್ಲಿ 5.4 ಎಂದು ಅದು ಲೆಕ್ಕ ಹಾಕಿತು. ತುರ್ತಿನ ಅಪಾಯ ಸುಮಾರು ನಾಲ್ಕು ಪಟ್ಟು ಹೆಚ್ಚು; ಆದರೆ ಆ ತುರ್ತು ಬಹುಮಂದಿಗೆ ಬರುವುದೇ ಇಲ್ಲ. ಹೀಗಾಗಿ ನೂರರಲ್ಲಿ 83 ಮಂದಿಗೆ ಎಚ್ಚರದಿಂದ ಕಾಯುವುದೇ ಲೇಸೆಂಬ ತೀರ್ಮಾನ ಬಂದಿತು.

ಈ ಸಂಖ್ಯೆಯನ್ನು ಕೇಳಿದ ಮಕ್ಕಳು ನಿಟ್ಟುಸಿರು ಬಿಡಬಹುದು. ಆದರೆ ಅದು ಯಾರ ಕುರಿತದ್ದೆಂದು ಗಮನಿಸಬೇಕು: ತೊಂದರೆಯಿಲ್ಲದ ಅಥವಾ ಅತ್ಯಲ್ಪ ತೊಂದರೆಯಿರುವವರ ಕುರಿತದ್ದು. ಉಂಡರೆ ಉಸಿರಾಡಲು ಕಷ್ಟಪಡುವ ನಮ್ಮ ತಾಯಿ ಆ ಎಣಿಕೆಗೆ ಸೇರಿದವರಲ್ಲ. ಪರರ ಸಮಾಧಾನವನ್ನು ಎರವಲು ಪಡೆದು ನಮ್ಮ ಭಯವನ್ನು ಮುಚ್ಚಿಕೊಳ್ಳುವುದು ವಿವೇಕವಲ್ಲ.

ಕಾಯುವವರು ಏತಕ್ಕಾಗಿ ಕಾಯುತ್ತಿದ್ದೇವೆಂದು ಅರಿತಿರುತ್ತಾರೆ. ಅಪಾಯದ ಲಕ್ಷಣಗಳು ಮನೆಮಂದಿಗೆಲ್ಲ ಗೊತ್ತಿರುತ್ತವೆ. ಸ್ಕ್ಯಾನಿನ ಕಾಗದಗಳು ಕೈಗೆ ಸಿಗುವಲ್ಲಿರುತ್ತವೆ. ನಡುರಾತ್ರಿಯಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕೆಂಬುದು ನಿರ್ಧಾರವಾಗಿರುತ್ತದೆ. ಮುಂದೂಡುವವರಾದರೋ ಹಬ್ಬ ಕಳೆಯಲಿ, ಮದುವೆ ಮುಗಿಯಲಿ, ಹಣ ಒದಗಲಿ ಎನ್ನುತ್ತಾ ದಿನ ದೂಡುತ್ತಾರೆ. ಹೊರನೋಟಕ್ಕೆ ಇಬ್ಬರೂ ಒಂದೇ. ತುರ್ತಿನ ರಾತ್ರಿಯಲ್ಲಿ ವ್ಯತ್ಯಾಸ ತಿಳಿಯುತ್ತದೆ. ಆಗ ಪ್ರಶ್ನೆ ಕೇಳಲು ಸಮಯವಿಲ್ಲ, ರಕ್ತಹೀನತೆಯನ್ನು ಸರಿಪಡಿಸಲು ಅವಕಾಶವಿಲ್ಲ. ತಾಯಿಯ ಅಭಿಪ್ರಾಯ ಕೇಳುವುದೂ ಸಾಧ್ಯವಾಗದಿರಬಹುದು.

ಕಡೆಯ ಮಾತೇ ಮುಖ್ಯವಾದದ್ದು. ಹಿರಿಯರು ಹೆದರಿಯಾರೆಂದು ವರದಿಯನ್ನು ಅವರಿಂದ ಬಚ್ಚಿಡುವುದು ನಮ್ಮಲ್ಲಿ ರೂಢಿ. ಅದು ಪ್ರೀತಿಯಿಂದಲೇ ಹುಟ್ಟಿದ್ದಿರಬಹುದು. ಆದರೂ ದೇಹ ಅವರದು. ಸರಿಪಡಿಸಿದ ಹರ್ನಿಯಾ ಕೆಲವು ವರ್ಷಗಳಲ್ಲಿ ಮರುಕಳಿಸುವುದುಂಟೆಂಬುದನ್ನೂ ಸೇರಿಸಿ, ಎಲ್ಲವನ್ನೂ ತಿಳಿಸಿದ ಮೇಲೆ ಅವರು ಬೇಡವೆಂದರೆ ಆ ನಿರ್ಧಾರಕ್ಕೂ ಗೌರವವಿದೆ.

ರೋಗಿಗಳ ಅಭ್ಯಂಗ ಸಂಸ್ಕಾರವನ್ನೂ ನಾವು ಹೀಗೆಯೇ ಕಡೆಯ ಗಳಿಗೆಗೆ ನೂಕುತ್ತೇವೆ. ಅದು ಮರಣಶಯ್ಯೆಗೆ ಮಾತ್ರ ಮೀಸಲಾದದ್ದಲ್ಲ. ಗಂಭೀರ ಶಸ್ತ್ರಚಿಕಿತ್ಸೆಗೆ ಮುನ್ನ, ಎಚ್ಚರವಿರುವಾಗಲೇ, ಸ್ವೀಕರಿಸಬಹುದೆಂದು ಧರ್ಮಸಭೆ ಕಲಿಸುತ್ತದೆ. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕುತ್ತಾನೆಂದು ಪ್ರಭು ಹೇಳಿದ್ದನ್ನು ನೆನೆಯಿರಿ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದಾಗ, ನಿಮ್ಮ ಹಿರಿಯರ ಬಳಿ ಕುಳಿತು ಕೇಳಿ: "ಅಮ್ಮಾ, ನಿಮ್ಮ ಮನಸ್ಸಿನಲ್ಲಿ ಏನಿದೆ?"