ಯಾರ ಕೈಗಾಗಿ ಈ ಮಡಿ?

ಬೆಳಗಿನ ಕಾಫಿಗೆ ಹಾಲು ಕಾಯಿಸಿದ ಮೇಲೆ ಅಡುಗೆಕಟ್ಟೆಯ ಮೇಲೆ ಅರ್ಧ ಲೀಟರಿನ ಖಾಲಿ ಕವರೊಂದು ಉಳಿಯುತ್ತದೆ. ಒಳಗೆ ನಾಲ್ಕೈದು ಹನಿ ಹಾಲು. ಅದನ್ನು ಮುದುರಿ ತರಕಾರಿ ಸಿಪ್ಪೆ, ಕಾಫಿ ಚರಟದ ಜೊತೆಗೆ ಬುಟ್ಟಿಗೆ ಹಾಕಬಹುದು. ಹಾಗೇ ಒಣಕಸದ ಚೀಲಕ್ಕೆ ಎಸೆಯಬಹುದು. ಇಲ್ಲವೇ ಒಂದಿಷ್ಟು ನೀರು ಬಿಟ್ಟು ಕುಲುಕಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು, ಕವರನ್ನು ಸಿಂಕಿನ ಹಿಂದಿನ ಟೈಲ್ಸಿಗೆ ಅಂಟಿಸಬಹುದು. ಒದ್ದೆ ಕವರು ತಾನಾಗಿ ಅಂಟಿಕೊಳ್ಳುತ್ತದೆ, ಒಣಗಿದ ಮೇಲೆ ತಾನಾಗಿ ಕಳಚಿ ಬೀಳುತ್ತದೆ. ಅರ್ಧ ನಿಮಿಷವೂ ಹಿಡಿಯದ ಕೆಲಸ.

ಆ ಅರ್ಧ ನಿಮಿಷದಲ್ಲಿ ಧರ್ಮದ ಒಂದು ಹಳೆಯ ಪ್ರಶ್ನೆ ಕೂತಿದೆ. ಎಂದೂ ಮನೆಯೊಳಗೆ ಬಾರದ, ಹೆಸರೂ ಗೊತ್ತಿಲ್ಲದ ಒಬ್ಬರಿಗಾಗಿ ಶುಚಿ ಕಾಯುವ ಹೊಣೆ ಮನುಷ್ಯನ ಮೇಲೆ ಇದೆಯೇ?

ಬೇರ್ಪಡಿಸುವ ವಿದ್ಯೆಯಲ್ಲಿ ಕನ್ನಡದ ಮನೆಗಳು ಹಿಂದುಳಿದವಲ್ಲ. ಮಡಿ, ಮೈಲಿಗೆ, ಎಂಜಲು, ಮುಸುರೆ ಎಂದು ಒಂದೊಂದು ಸ್ಪರ್ಶಕ್ಕೂ ಹೆಸರಿಟ್ಟ ಅಡುಗೆಮನೆಗಳು ಇಲ್ಲಿವೆ. ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿಯ ಜಾಡಿ ಮುಟ್ಟುವಂತಿಲ್ಲ. ದೇವರ ಪಾತ್ರೆಗೂ ಊಟದ ತಟ್ಟೆಗೂ ಬೇರೆ ಬೇರೆ ಜಾಗ. ಇಷ್ಟು ಸೂಕ್ಷ್ಮವಾಗಿ ವಿಂಗಡಿಸಬಲ್ಲ ಮನೆಗೆ ಹಸಿಕಸ ಒಣಕಸ ಕಷ್ಟವಾಗಬಾರದು. ಆದರೂ ಕಷ್ಟವಾಗುತ್ತದೆ, ಏಕೆಂದರೆ ಈ ಮಡಿಯ ಮುಖ ಸದಾ ಒಳಕ್ಕೆ. ಹೊರಗಿನ ಮೈಲಿಗೆ ತನ್ನನ್ನು ತಾಕದಿರಲಿ ಎಂಬುದು ಅದರ ಕಾಳಜಿ. ತನ್ನ ಮೈಲಿಗೆ ಇನ್ನೊಬ್ಬರನ್ನು ತಾಕೀತು ಎಂಬ ಅಳುಕು ಅದಕ್ಕೆ ಬಹುಮಟ್ಟಿಗೆ ಇರಲೇ ಇಲ್ಲ. ಹೊಸಿಲು ದಾಟಿದ್ದನ್ನು ಎತ್ತುವವರು ಯಾರು ಎಂಬುದನ್ನು ಜಾತಿ ಮೊದಲೇ ಗೊತ್ತುಮಾಡಿಟ್ಟಿತ್ತು.

ಹಳ್ಳಿಯ ತಿಪ್ಪೆಯ ಕಥೆ ಬೇರೆ. ಸಗಣಿ, ಬೂದಿ, ಸಿಪ್ಪೆ, ಕೊಟ್ಟಿಗೆಯ ಕಸ ಅಲ್ಲಿ ಕೊಳೆತು, ಗೊಬ್ಬರವಾಗಿ ಮರಳಿ ಹೊಲಕ್ಕೆ ಹೋಗುತ್ತಿತ್ತು. ಅದಕ್ಕೇ ದೀಪಾವಳಿಯಲ್ಲಿ ತಿಪ್ಪೆಗೂ ದೀಪ ಇಡುವ ರೂಢಿ ಹಲವು ಊರುಗಳಲ್ಲಿ ಬೆಳೆದದ್ದು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸಿಗೆ ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರನ್ನು ಹೊತ್ತವರು ಚಿತ್ರದುರ್ಗದ ಸೀಮೆಯಲ್ಲಿ ಇಂದಿಗೂ ಮನೆಮನೆಯಲ್ಲಿ ಸಿಗುತ್ತಾರೆ. ತಿಪ್ಪೆಗೆ ಇಂಥ ಮರ್ಯಾದೆ ಸಿಕ್ಕಿದ್ದು ಅದರೊಳಗೆ ಬಿದ್ದದ್ದೆಲ್ಲ ಮಣ್ಣಿಗೆ ಮರಳುತ್ತಿದ್ದುದರಿಂದ. ಶಾಂಪೂ ಸ್ಯಾಷೆ, ಗುಟ್ಕಾ ಚೀಟಿ ಬಿದ್ದ ದಿನ ಆ ಲೆಕ್ಕ ಕೆಟ್ಟಿತು. ಅದೇ ಗೊಬ್ಬರ ಹೊಲಕ್ಕೆ ಹೋದರೆ ನೇಗಿಲಿಗೆ ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ.

ಬೆಂಗಳೂರಿನಂಥ ಊರಿಗೆ ತಿಪ್ಪೆಯ ಜಾಗದಲ್ಲಿ ಬಂದದ್ದು ಬೇರೆಯವರ ಊರು. ಯಲಹಂಕದಾಚೆಯ ಮಾವಳ್ಳಿಪುರದ ಕಸದ ಗುಂಡಿ 2012ರಲ್ಲಿ ಮುಚ್ಚಿತು. ಕಸ ಬೀದಿಬೀದಿಯಲ್ಲಿ ಗುಡ್ಡೆಬಿತ್ತು, ಮೂಲದಲ್ಲೇ ವಿಂಗಡಿಸಬೇಕೆಂಬ ನಿಯಮ ಆ ವರ್ಷವೇ ಬಂತು. ಆಮೇಲೂ ಲಾರಿಗಳು ಮಂಡೂರಿಗೆ ಹೋದವು. ಬಾವಿಯ ನೀರು ಕೆಟ್ಟು, ನೊಣ, ನಾತ, ಕಾಯಿಲೆಗಳಲ್ಲಿ ಬದುಕಿದ ಆ ಊರಿನ ಜನ 2014ರಲ್ಲಿ ಬೀದಿಗಿಳಿದು ಲಾರಿಗಳನ್ನು ತಡೆದ ಮೇಲೆಯೇ ಅದು ನಿಂತದ್ದು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ ಒಂದು ಚೀಲದ ಪದ್ಧತಿಯನ್ನು ಊರಿಗೆಲ್ಲ ಕಡ್ಡಾಯ ಮಾಡಿತು: ಹಸಿಕಸಕ್ಕೆ ಹಸಿರು ಬುಟ್ಟಿ, ಡಯಾಪರ್, ಪ್ಯಾಡು, ಬ್ಯಾಂಡೇಜಿನಂಥವಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಮಂಡೂರಿನ ಜನ ಕೇಳಿದ್ದು ಕಾಯ್ದೆಯ ಪ್ರಶ್ನೆಯೊಂದನ್ನೇ ಅಲ್ಲ. ನಿಮ್ಮ ಮನೆಯ ಎಂಜಲು ನಮ್ಮ ಬಾವಿಗೆ ಏಕೆ ಬರಬೇಕು ಎಂಬ ಆ ಪ್ರಶ್ನೆಗೆ ಯಾವ ಶಾಸ್ತ್ರದಲ್ಲಿ ಉತ್ತರವಿದೆ?

ಉತ್ತರದ ಒಂದು ಎಳೆ ಶ್ರವಣಬೆಳಗೊಳದ ಕಡೆಗಿದೆ. ಜೈನ ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ, ಅಂದರೆ ಐದು ಎಚ್ಚರಗಳಲ್ಲಿ, ಮೊದಲನೆಯದು ನಡೆಯುವುದರಲ್ಲಿ, ಎರಡನೆಯದು ಮಾತಿನಲ್ಲಿ, ಮೂರನೆಯದು ಆಹಾರ ಪಡೆಯುವುದರಲ್ಲಿ, ನಾಲ್ಕನೆಯದು ವಸ್ತುಗಳನ್ನು ಎತ್ತಿ ಇಡುವುದರಲ್ಲಿ. ಐದನೆಯದು ಉತ್ಸರ್ಗ ಸಮಿತಿ. ದೇಹದಿಂದ ಹೊರಬಿದ್ದ ಮಲ, ಮೂತ್ರ, ಕಫವನ್ನೂ ಜೀವಜಂತುವಿಲ್ಲದ ನೆಲ ನೋಡಿ, ಯಾವ ಜೀವಕ್ಕೂ ನೋವಾಗದಂತೆ ಬಿಡಬೇಕು ಎನ್ನುವುದು ಅದರ ಸಾರ. ಪ್ಯಾಕೆಟ್ಟು ಬರುವುದಕ್ಕೆ ಶತಮಾನಗಳ ಮೊದಲೇ ಬಿಸಾಡುವ ಕ್ರಿಯೆಯನ್ನು ಮಾತಾಡುವ, ಉಣ್ಣುವ ಕ್ರಿಯೆಗಳ ಸಾಲಿನಲ್ಲಿ ಕೂರಿಸಿದ ಚಿಂತನೆ ಇದು. ವಸ್ತು ಕೈಬಿಟ್ಟ ಮೇಲೂ ಅದರ ಪರಿಣಾಮ ಕೈಬಿಟ್ಟವನದೇ. ಒಡೆದ ಗಾಜಿನ ಲೋಟವನ್ನು ಹಳೇ ಪೇಪರಿನಲ್ಲಿ ದಪ್ಪಗೆ ಸುತ್ತಿಡುವವರು, ಪ್ಯಾಡನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕುವವರು ಆ ಸಮಿತಿಯ ಹೆಸರು ಕೇಳಿರದೆ ಅದನ್ನೇ ಪಾಲಿಸುತ್ತಿದ್ದಾರೆ.

ಆ ಎಚ್ಚರ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಒಣಕಸದ ಕೇಂದ್ರದಲ್ಲಿ ನೋಡಬೇಕು. ಚೀಲ ಬಿಚ್ಚಿ ನೆಲಕ್ಕೆ ಸುರಿಯುತ್ತಾರೆ. ಮೊದಲು ಬರುವುದು ವಾಸನೆ: ಮೂರು ದಿನದ ಹಿಂದಿನ ಸಾಂಬಾರು ಪಾರ್ಸಲ್ ಡಬ್ಬಿಯಲ್ಲಿ ಹುಳಿತಿರುತ್ತದೆ. ಅದು ಸೋರಿ ಪಕ್ಕದ ರಟ್ಟಿನ ಪೆಟ್ಟಿಗೆ, ನೋಟ್‌ಬುಕ್ಕು ನೆನೆದಿರುತ್ತವೆ. ಬೆಳಿಗ್ಗೆ ಬೆಲೆಯಿದ್ದ ಕಾಗದಕ್ಕೆ ಈಗ ಬೆಲೆಯಿಲ್ಲ. ವಿಂಗಡಿಸುವ ಹೆಂಗಸು ಡಬ್ಬಿಯನ್ನು ಎತ್ತಿ ಒಳಗಿನದನ್ನು ಬೆರಳಿನಿಂದ ಬಳಿಯುತ್ತಾಳೆ. ಅದು ಎಂಜಲು. ತಮ್ಮ ಮನೆಯಲ್ಲಿ ಇನ್ನೊಬ್ಬರ ಎಂಜಲು ತಟ್ಟೆ ಮುಟ್ಟದವರ ಎಂಜಲು. ಅದೇ ಡಬ್ಬಿ ತೊಳೆದು ಬಂದಿದ್ದರೆ ಅವಳ ಕೈಗೆ ಅದು ಸರಕು. ಅವಳ ದಿನದ ದುಡಿಮೆ ಲೆಕ್ಕವಾಗುವುದು ಆ ವ್ಯತ್ಯಾಸದಲ್ಲಿ.

ಇಲ್ಲಿ ಒಂದು ಜಾರುವ ಮೆಟ್ಟಿಲಿದೆ. ಕಸ ಎತ್ತುವುದೂ ಕಾಯಕ, ಅದೂ ಪವಿತ್ರ ಎಂದು ಹಾಡಿಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಗಾಂಧೀಜಿ 1901ರ ಕಲ್ಕತ್ತ ಕಾಂಗ್ರೆಸ್ಸಿನಲ್ಲಿ ತಾವೇ ಪೊರಕೆ ಹಿಡಿದು ಪಾಯಿಖಾನೆ ಶುಚಿ ಮಾಡಿದರು. ಅದು ದೊಡ್ಡ ಮಾತು. ಆದರೆ ಆ ಕೆಲಸವನ್ನು ಪುಣ್ಯವೆಂದು ಕೊಂಡಾಡಿ ಒಂದೇ ಜಾತಿಯ ತಲೆಗೆ ಕಟ್ಟುವ ಬೋಧನೆಯನ್ನು ಅಂಬೇಡ್ಕರ್ 1945ರ ತಮ್ಮ ಪುಸ್ತಕದಲ್ಲಿ ಕಟುವಾಗಿ ಖಂಡಿಸಿದರು. ಅವರ ಮಾತೇ ಇಲ್ಲಿ ಸರಿ. ಕರ್ನಾಟಕದಲ್ಲಿ ಸಚಿವ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಾಗ, ಹೊರುವವರನ್ನು ಹೊಗಳುತ್ತ ಕೂರಲಿಲ್ಲ, ಹೊರೆಯನ್ನೇ ಇಳಿಸಿದರು. ಪೌರಕಾರ್ಮಿಕರ ಪಾದ ತೊಳೆಯುವ ಸಮಾರಂಭಕ್ಕಿಂತ ಪಾರ್ಸಲ್ ಡಬ್ಬಿ ತೊಳೆಯುವುದು ಅವರಿಗೆ ಹೆಚ್ಚು ಉಪಕಾರ. ಅದರ ಜೊತೆಗೆ ಕೈಗವಸು, ನ್ಯಾಯವಾದ ಸಂಬಳ, ಗುರುತಿನ ಚೀಟಿ ಬೇಕು. ಚಿಂದಿ ಆಯುವವರಿಗೆ ಬೆಂಗಳೂರಿನ ಪಾಲಿಕೆ ಬಿಬಿಎಂಪಿ 2011ರಲ್ಲಿ ಆ ಚೀಟಿ ಕೊಡಲು ತೊಡಗಿದಾಗ ಅವರ ದುಡಿಮೆಗೆ ಸರ್ಕಾರಿ ಕಾಗದದಲ್ಲಿ ಒಂದು ಹೆಸರು ಬಂತು.

ಇನ್ನೊಂದು ತೊಡಕು ವಸ್ತುವಿನೊಳಗೇ ಇದೆ. ಹಾಲಿನ ಕವರು ಒಂದೇ ಬಗೆಯ ಪ್ಲಾಸ್ಟಿಕ್, ಪಾಲಿಥೀನ್. ತೊಳೆದು ಒಣಗಿಸಿದರೆ ಗುಜರಿ ಅಂಗಡಿಯವನೂ ಕೊಳ್ಳುತ್ತಾನೆ. ಮೂಲೆ ಕತ್ತರಿಸುವಾಗ ಆ ತುಣುಕನ್ನು ಪೂರ್ತಿ ಬೇರೆ ಮಾಡದೆ ಕವರಿಗೇ ತೂಗಾಡಲು ಬಿಟ್ಟರೆ ಅದೂ ಉಳಿಯುತ್ತದೆ, ಚರಂಡಿ ಸೇರುವುದಿಲ್ಲ. ನೀರಿನ ಬಾಟಲಿಗೂ ಗಿರಾಕಿ ಇದ್ದಾರೆ. ಜ್ಯೂಸಿನ ರಟ್ಟಿನ ಡಬ್ಬದಲ್ಲಿ ಕಾಗದ, ಪಾಲಿಥೀನು, ಅಲ್ಯೂಮಿನಿಯಮ್ಮಿನ ತೆಳುಪದರ ಒಂದಕ್ಕೊಂದು ಬೆಸೆದಿರುತ್ತವೆ. ಬಿಡಿಸಲು ಅದಕ್ಕೆಂದೇ ಇರುವ ಕಾರ್ಖಾನೆ ಬೇಕು. ಚಿಪ್ಸ್ ಪ್ಯಾಕೆಟ್ಟು ಇನ್ನೂ ಹಟಮಾರಿ. ಒಳಗೆ ಬೆಳ್ಳಿಯಂತೆ ಹೊಳೆಯುವುದು ಲೋಹ ಲೇಪಿಸಿದ ಪದರ, ಹೊರಗೆ ಅಚ್ಚು ಹಾಕಿದ ಬೇರೊಂದು ಪದರ. ಅವನ್ನು ಬಿಡಿಸುವುದು ದುಬಾರಿ, ಬಿಡಿಸದೆ ಕರಗಿಸಿದರೆ ಕೆಲಸಕ್ಕೆ ಬಾರದು. ಎಷ್ಟು ಶ್ರದ್ಧೆಯಿಂದ ತೊಳೆದು ಒಣಗಿಸಿ ಕೊಟ್ಟರೂ ಅದಕ್ಕಿರುವ ದಾರಿ ಹೆಚ್ಚಾಗಿ ಸಿಮೆಂಟ್ ಕಾರ್ಖಾನೆಯ ಕುಲುಮೆ, ಇಲ್ಲವೇ ಗುಂಡಿ. ವಿಂಗಡಣೆಯ ಧರ್ಮ ಇಲ್ಲಿ ತನ್ನ ಗಡಿ ಮುಟ್ಟುತ್ತದೆ. ಪ್ರಶ್ನೆ ಬುಟ್ಟಿಯಿಂದ ಅಂಗಡಿಗೆ ಹೋಗುತ್ತದೆ, ಅಂಥ ಪ್ಯಾಕೆಟ್ಟು ತಯಾರಿಸುವವರ ಬಾಗಿಲಿಗೂ ಹೋಗುತ್ತದೆ.

ಅಂಗಡಿಯಲ್ಲಿ ಮಾಡುವುದೂ ಆಯುವ ಕೆಲಸವೇ. ಆಯುವುದು ಎಂದರೆ ಕನ್ನಡದಲ್ಲಿ ಬಿದ್ದದ್ದನ್ನು ಹೆಕ್ಕುವುದೂ ಹೌದು, ಬೇಕಾದ್ದನ್ನು ಆರಿಸುವುದೂ ಹೌದು. ಚಿಂದಿ ಆಯುವವರ ಬೆನ್ನಿಗಿರುವ ಆ ಮಾತೇ ಹನ್ನೆರಡನೆಯ ಶತಮಾನದ ಇಬ್ಬರು ಶರಣರ ಹೆಸರಿನಲ್ಲೂ ಇದೆ: ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಅವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಇನ್ನೊಬ್ಬರ ಅಂಗಳದಲ್ಲಿ ಬಿದ್ದದ್ದನ್ನು ಹೆಕ್ಕಿ ಬದುಕಿದವರು ಅನುಭವ ಮಂಟಪದಲ್ಲಿ ಸಮನಾಗಿ ಕುಳಿತು ಮಾತಾಡಿದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅವನ ಮಡಿಲಿನಲ್ಲಿದ್ದುದನ್ನು ನೋಡಿದಳು, ಇಷ್ಟು ನಮಗೆ ಬೇಕಾದ್ದಲ್ಲ ಎಂದಳು, ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ತಿರುಗಿ ಕಳಿಸಿದಳು. ಮಾರಯ್ಯ ಅಕ್ಕಿ ಕಟ್ಟಿಕೊಂಡು ಮತ್ತೆ ಮಹಾಮನೆಯ ಅಂಗಳದ ಕಡೆಗೆ ನಡೆದ.